ಪಿನ್ನು ಕೂತರೆ ಸಾಲದು: ತೋಟದ ಬ್ಯಾಟರಿಗಳಿಗೆ ಸರಿಯಾದ ಚಾರ್ಜರ್ ಆರಿಸುವ ಸಮಗ್ರ ಮಾರ್ಗದರ್ಶಿ

ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಕಾಫಿ ತೋಟದ ಗೋಡೌನುಗಳಲ್ಲಿ ಈಗ ಸ್ವಿಚ್ ಬೋರ್ಡಿನ ಪಕ್ಕದ ಮೊಳೆಗೆ ನಾಲ್ಕೈದು ಕರಿ ಚಾರ್ಜರ್ ಒಟ್ಟಿಗೇ ನೇತಾಡುತ್ತಿರುತ್ತವೆ. ಒಂದು ಔಷಧಿ ಹೊಡೆಯುವ ಪಂಪಿನದು, ಒಂದು ಗಿಡ ಕಸಿ ಮಾಡುವ, ಅಂದರೆ ಕೊಂಬೆ ಸವರುವ ಬ್ಯಾಟರಿ ಕತ್ತರಿಯದು, ಒಂದು ತಲೆಗೆ ಕಟ್ಟುವ ಟಾರ್ಚಿನದು, ಇನ್ನೊಂದು ಯಾವುದರದ್ದೋ ಯಾರಿಗೂ ನೆನಪಿಲ್ಲ. ಹೆಚ್ಚಿನವಕ್ಕೆ ಒಂದೇ ಬಗೆಯ ದುಂಡು ಪಿನ್ನು. ಸಂಜೆ ಕೆಲಸ ಮುಗಿಸಿ ಬಂದವರು ಕೈಗೆ ಸಿಕ್ಕಿದ್ದನ್ನು ಚುಚ್ಚುತ್ತಾರೆ. ಕೆಂಪು ದೀಪ ಹತ್ತುತ್ತದೆ, ಆಗುತ್ತಿದೆ ಅಂದುಕೊಂಡು ಮನೆಗೆ ಹೋಗುತ್ತಾರೆ.

ದೀಪ ಹತ್ತಿತು ಅಂದರೆ ಕರೆಂಟು ಹರಿಯುತ್ತಿದೆ ಅಂತಷ್ಟೇ. ಎಲ್ಲಿ ನಿಲ್ಲಬೇಕು ಅನ್ನುವುದು ಆ ಚಾರ್ಜರ್‌ಗೆ ಗೊತ್ತಿದೆಯೋ ಇಲ್ಲವೋ ಅದು ಬೇರೆ ಮಾತು. ಚಾರ್ಜರ್ ಆರಿಸುವುದೆಂದರೆ ಮುಖ್ಯವಾಗಿ ಆ ನಿಲ್ಲುವ ವೋಲ್ಟೇಜನ್ನು ಆರಿಸುವುದು. ಆಂಪಿಯರ್, ಪಿನ್ನು, ವೈರಿನ ಉದ್ದ ಎಲ್ಲ ಆಮೇಲೆ.

ಮೊದಲು ಬ್ಯಾಟರಿಯ ಜಾತಿ ಗೊತ್ತಾಗಲಿ

ನಮ್ಮ ಕಡೆ ಬಳಕೆಯಲ್ಲಿರುವುದು ನಾಲ್ಕು ಜಾತಿ. ಲೆಡ್ ಆಸಿಡ್: ಪಂಪಿನೊಳಗಿನ ಮುಚ್ಚಿದ ಡಬ್ಬಿ, ಸೋಲಾರ್ ಬೇಲಿಯ ದೊಡ್ಡ ಬ್ಯಾಟರಿ, ಮನೆಯ ಯುಪಿಎಸ್ಸಿನದು, ಜೀಪಿನದು. ಮಾಮೂಲಿ ಲಿಥಿಯಂ ಅಯಾನ್: ಕತ್ತರಿ, ಡ್ರಿಲ್, ಟಾರ್ಚು, ಬಹುಪಾಲು ಸ್ಕೂಟರು. ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯವರ ಬಾಯಲ್ಲಿ ಎಲ್‌ಎಫ್‌ಪಿ: ಸೋಲಾರ್ ಬೀದಿದೀಪ, ಹೊಸ ಇನ್ವರ್ಟರ್ ಬ್ಯಾಟರಿ, ಕೆಲವು ಪಂಪು. ನಿಕಲ್ ಮೆಟಲ್ ಹೈಡ್ರೈಡ್: ಪೆನ್ ಟಾರ್ಚಿನ ಸೆಲ್ ಗಾತ್ರದ ರೀಚಾರ್ಜಬಲ್ ಸೆಲ್ಲುಗಳು.

ಚೀಟಿ ಅಂಟಿದ್ದರೆ ಸುಲಭ. 11.1 ಅಥವಾ 10.8 ವೋಲ್ಟ್ ಎಂದಿದ್ದರೆ ಮಾಮೂಲಿ ಲಿಥಿಯಂ, ಮೂರು ಸೆಲ್ಲು ಸರಣಿಯಲ್ಲಿ. 12.8 ಎಂದಿದ್ದರೆ ಎಲ್‌ಎಫ್‌ಪಿ, ನಾಲ್ಕು ಸೆಲ್ಲು. ಬರೀ 12 ಎಂದಿದ್ದು ಕೈಗೆ ಭಾರವಾಗಿದ್ದರೆ ಲೆಡ್ ಆಸಿಡ್. ಬೆನ್ನಿಗೆ ಹಾಕುವ ಪಂಪಿನ 12 ವೋಲ್ಟ್ 8 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಲೆಡ್ ಬ್ಯಾಟರಿ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಅಷ್ಟೇ ಎಎಚ್‌ನ ಲಿಥಿಯಂ ಪ್ಯಾಕು ಒಂದು ಕಿಲೋದ ಆಸುಪಾಸು.

ಮಳೆಗೂ ಮೈಲುತುತ್ತಕ್ಕೂ ಚೀಟಿ ಅಳಿಸಿಹೋಗಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಸರಿಯಾಗಿ ಚಾರ್ಜ್ ಆದ ಬ್ಯಾಟರಿಯನ್ನು ಯಾವುದಕ್ಕೂ ಜೋಡಿಸದೆ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆದರೆ, ಲೆಡ್ ಆಸಿಡ್ 12.7ರಿಂದ 12.9 ತೋರಿಸುತ್ತದೆ. ಎಲ್‌ಎಫ್‌ಪಿ 13.2ರಿಂದ 13.4ರ ನಡುವೆ ನಿಂತಿರುತ್ತದೆ. ಮೂರು ಸೆಲ್ಲಿನ ಲಿಥಿಯಂ 12.4ರಿಂದ 12.6. ಮೂರೂ ಹತ್ತಿರದ ಅಂಕಿಗಳೇ, ಆದ್ದರಿಂದ ಮೀಟರಿನ ಜೊತೆಗೆ ತೂಕವನ್ನೂ ನೋಡಿ ತೀರ್ಮಾನಿಸಿ. ಎರಡೂ ಒಂದೇ ಉತ್ತರ ಹೇಳದಿದ್ದರೆ ಡಬ್ಬಿಯ ಸ್ಕ್ರೂ ಬಿಚ್ಚಿ ನೋಡುವುದು ಮೇಲು. ದುಂಡು ಸೆಲ್ಲುಗಳು ಮೂರು ಗುಂಪಾಗಿವೆಯೋ ನಾಲ್ಕು ಗುಂಪಾಗಿವೆಯೋ ಎಣಿಸಿದರೆ ಸಾಕು. ತಗಡಿನ ಪಟ್ಟಿಗಳಿಗೆ ಸ್ಕ್ರೂಡ್ರೈವರ್ ತಾಗದಂತೆ ಎಚ್ಚರ. ಲಿಥಿಯಂ ಪ್ಯಾಕಿನಲ್ಲಿ ಶಾರ್ಟ್ ಆದರೆ ಕಿಡಿಯಷ್ಟಕ್ಕೇ ನಿಲ್ಲುವುದಿಲ್ಲ.

ನಿಲ್ಲಬೇಕಾದ ವೋಲ್ಟೇಜು

ಬ್ಯಾಟರಿಯ ಮೇಲೆ ಬರೆದ ವೋಲ್ಟೇಜಿಗೂ ಚಾರ್ಜರ್ ಮೇಲೆ ಬರೆದಿರಬೇಕಾದ ವೋಲ್ಟೇಜಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಬ್ಯಾಟರಿಯ ಮೇಲಿನದು ಸರಾಸರಿ ಅಂಕಿ. ಚಾರ್ಜರ್ ಮೇಲಿನದು ತುಂಬಿದಾಗಿನ ಅಂಕಿ. ಮಾಮೂಲಿ ಲಿಥಿಯಂ ಸೆಲ್ಲು 3.6 ಅಥವಾ 3.7 ವೋಲ್ಟಿನದು, ತುಂಬುವುದು 4.20ಕ್ಕೆ. ಎಲ್‌ಎಫ್‌ಪಿ ಸೆಲ್ಲು 3.2, ತುಂಬುವುದು 3.65ಕ್ಕೆ. ಸೆಲ್ಲಿನ ಸಂಖ್ಯೆಯಿಂದ ಗುಣಿಸಿದರೆ ಪ್ಯಾಕಿನ ಅಂಕಿ ಸಿಗುತ್ತದೆ.

ಮಾಮೂಲಿ ಲಿಥಿಯಂಗೆ:
3 ಸೆಲ್ಲು (11.1): 12.6 ವೋಲ್ಟ್ ಚಾರ್ಜರ್
4 ಸೆಲ್ಲು (14.8): 16.8
5 ಸೆಲ್ಲು (18.5, ಕತ್ತರಿ, ಡ್ರಿಲ್ಲುಗಳ ಮೇಲೆ 20 ಅಥವಾ 21 ಎಂದು ಬರೆದಿರುತ್ತಾರೆ): 21.0
7 ಸೆಲ್ಲು (25.9): 29.4
10 ಸೆಲ್ಲು (36): 42.0
13 ಸೆಲ್ಲು (48): 54.6
14 ಸೆಲ್ಲು (51.8): 58.8
16 ಸೆಲ್ಲು (60): 67.2

ಎಲ್‌ಎಫ್‌ಪಿಗೆ:
4 ಸೆಲ್ಲು (12.8): 14.6
8 ಸೆಲ್ಲು (25.6): 29.2
16 ಸೆಲ್ಲು (51.2): 58.4

12 ವೋಲ್ಟಿನ ಲೆಡ್ ಆಸಿಡ್‌ಗೆ ಎರಡು ಅಂಕಿ. ದಿನಾ ಖಾಲಿ ಮಾಡಿ ತುಂಬಿಸುವುದಾದರೆ 14.4ರಿಂದ 14.7. ತುಂಬಿದ ಮೇಲೂ ಜೋಡಿಸಿಯೇ ಇಡುವುದಾದರೆ 13.5ರಿಂದ 13.8. ಒಳ್ಳೆಯ ಚಾರ್ಜರ್ ಮೊದಲನೆಯದಕ್ಕೆ ಏರಿ, ಆಮೇಲೆ ತಾನೇ ಎರಡನೆಯದಕ್ಕೆ ಇಳಿಯುತ್ತದೆ. ಮುಚ್ಚಿದ ಬ್ಯಾಟರಿಯ ಮೈಮೇಲೆ ಈ ಎರಡೂ ಅಂಕಿ, ಜೊತೆಗೆ ಶುರುವಿನ ಕರೆಂಟು ಎಷ್ಟು ಮೀರಬಾರದು ಅನ್ನುವುದೂ ಅಚ್ಚಾಗಿರುತ್ತದೆ. ಅದನ್ನು ಓದುವವರು ಕಡಿಮೆ.

ಸ್ಕೂಟರಿನವರು ಒಂದು ಕಡೆ ನಿಂತು ನೋಡಬೇಕು. ಐದು ಲೆಡ್ ಬ್ಯಾಟರಿ ಜೋಡಿಸಿದ 60 ವೋಲ್ಟ್ ಸೆಟ್ಟಿನ ಚಾರ್ಜರ್ 73 ವೋಲ್ಟಿನವರೆಗೆ ಏರುತ್ತದೆ. 16 ಸೆಲ್ಲಿನ 60 ವೋಲ್ಟ್ ಲಿಥಿಯಂ ಪ್ಯಾಕು 67.2ಕ್ಕೇ ತುಂಬಿರುತ್ತದೆ. ಎರಡರ ಮೇಲೂ ದಪ್ಪಕ್ಷರದಲ್ಲಿ 60 ಎಂದೇ ಇರುತ್ತದೆ, ಎಷ್ಟೋ ಕಡೆ ಪ್ಲಗ್ಗೂ ಒಂದೇ. ಲೆಡ್ ಸೆಟ್ಟು ತೆಗೆದು ಲಿಥಿಯಂ ಹಾಕಿಸಿಕೊಂಡವರು ಹಳೆ ಚಾರ್ಜರನ್ನು ಅದೇ ದಿನ ಮನೆಯಿಂದ ಆಚೆ ಹಾಕುವುದು ಕ್ಷೇಮ.

ಪಂಪಿನಲ್ಲಿ ಆಗುವ ಎಡವಟ್ಟು

ಇದು ತೋಟಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪಾದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಬೆನ್ನಿನ ಪಂಪು ಬಂದದ್ದು 12 ವೋಲ್ಟ್ ಲೆಡ್ ಬ್ಯಾಟರಿ, 1.7 ಆಂಪಿಯರ್ ಚಾರ್ಜರ್ ಜೊತೆಗೆ. ಎರಡು ವರ್ಷ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಬ್ಯಾಟರಿ ನಾಲ್ಕು ಟ್ಯಾಂಕಿಗೇ ಕೈ ಎತ್ತುತ್ತದೆ. ಅಂಗಡಿಯವರು ಹಗುರದ ಲಿಥಿಯಂ ಪ್ಯಾಕು ಕೊಡುತ್ತಾರೆ, ಅಳತೆ ಅದೇ, ಟರ್ಮಿನಲ್ ಅದೇ. ಪಂಪು ಓಡುತ್ತದೆ, ಬೆನ್ನಿಗೂ ಹಗುರ. ಚಾರ್ಜರ್ ಮಾತ್ರ ಹಳೆಯದೇ.

ಆ ಪ್ಯಾಕು ಮೂರು ಸೆಲ್ಲಿನದಾಗಿದ್ದರೆ ಹಳೆ ಚಾರ್ಜರಿನ 14.4 ವೋಲ್ಟು ಸೆಲ್ಲಿಗೆ 4.8ರ ಲೆಕ್ಕ ಬೀಳುತ್ತದೆ. 4.20ಕ್ಕೆ ನಿಲ್ಲಬೇಕಾದ ಸೆಲ್ಲು ಅದು. ಪ್ಯಾಕಿನೊಳಗೆ ಬಿಎಂಎಸ್ ಎಂಬ ಸಣ್ಣ ಹಲಗೆ ಇದ್ದರೆ, ಯಾವುದಾದರೂ ಒಂದು ಸೆಲ್ಲು 4.25 ದಾಟಿ ಏರುತ್ತಿದ್ದಂತೆ ಅದು ಕರೆಂಟನ್ನು ಕಡಿಯುತ್ತದೆ. ಚಾರ್ಜರಿನ ದೀಪ ಹಸಿರಾಗುತ್ತದೆ. ನೋಡುವವರಿಗೆ ಎಲ್ಲ ಸರಿಯಾಗಿಯೇ ನಡೆದ ಹಾಗೆ. ನಿಜಕ್ಕೂ ನಡೆದದ್ದು ಏನೆಂದರೆ, ಬಾವಿಕಟ್ಟೆ ಇದೆ ಅಂತ ದಿನಾ ಕಣ್ಣುಮುಚ್ಚಿ ಓಡಿ ಕಟ್ಟೆಗೆ ಢಿಕ್ಕಿ ಹೊಡೆದು ನಿಂತ ಹಾಗೆ. ಬಿಎಂಎಸ್ಸಿನಲ್ಲಿ ಕರೆಂಟು ಕಡಿಯುವ ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಒಂದು ದಿನ ಶಾರ್ಟ್ ಆಗಿ ಕೆಟ್ಟರೆ ಕಟ್ಟೆಯೇ ಇಲ್ಲ. ಅಗ್ಗದ ಪ್ಯಾಕುಗಳಲ್ಲಿ ಆ ಹಲಗೆಯನ್ನೇ ಹಾಕದಿರುವುದೂ ಉಂಟು.

ಪ್ಯಾಕು ನಾಲ್ಕು ಸೆಲ್ಲಿನ ಎಲ್‌ಎಫ್‌ಪಿ ಆಗಿದ್ದರೆ ಕತೆ ಬೇರೆ. 14.4 ಅಂದರೆ ಸೆಲ್ಲಿಗೆ 3.6. ಅಪಾಯವಿಲ್ಲ, ಬಹುಪಾಲು ತುಂಬುತ್ತದೆ. ಆದರೆ ಆ ಚಾರ್ಜರಿನಲ್ಲಿ ಹಳೆ ಬ್ಯಾಟರಿಯನ್ನು ಎಬ್ಬಿಸುವ ರಿಪೇರಿ ಮೋಡ್ ಇದ್ದರೆ ಅದು 15–16 ವೋಲ್ಟಿಗೆ ಏರಿಸಬಹುದು. ಅಂಥದ್ದನ್ನು ಯಾವ ಲಿಥಿಯಂಗೂ ಹಾಕಬೇಡಿ. 14.6ರ ಎಲ್‌ಎಫ್‌ಪಿ ಚಾರ್ಜರ್ ಕೊಳ್ಳುವುದೇ ನೆಟ್ಟಗಿನ ದಾರಿ.

ತಿರುಗಾಮುರುಗಾ ಆದರೂ ನಷ್ಟವೇ. 12.6 ವೋಲ್ಟಿನ ಲಿಥಿಯಂ ಚಾರ್ಜರನ್ನು ಲೆಡ್ ಬ್ಯಾಟರಿಗೆ ಹಾಕಿದರೆ ಬೆಂಕಿಗಿಂಕಿ ಏನೂ ಇಲ್ಲ, ಆದರೆ ಬ್ಯಾಟರಿ ದಿನಾ ಅರೆಹೊಟ್ಟೆ. ಅರೆಹೊಟ್ಟೆಯಲ್ಲಿ ಉಳಿದ ಲೆಡ್ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತುಬಿಡುತ್ತದೆ. ಕೆಲವೇ ತಿಂಗಳಲ್ಲಿ ಅದು ಕಲ್ಲು.

ಎಷ್ಟು ಆಂಪಿಯರ್

ವೋಲ್ಟೇಜು ಕೂತ ಮೇಲೆ ಕರೆಂಟಿನ ಲೆಕ್ಕ. ಲೆಡ್ ಆಸಿಡ್‌ಗೆ ಎಎಚ್‌ನ ಹತ್ತರಲ್ಲೊಂದು ಪಾಲಿನಿಂದ ಐದರಲ್ಲೊಂದು ಪಾಲು ಹಿತ. ಮುಚ್ಚಿದ ಸಣ್ಣ ಬ್ಯಾಟರಿಗೆ ಹೆಚ್ಚೆಂದರೆ ಶೇ. 30. ಅಂದರೆ 8 ಎಎಚ್‌ಗೆ 0.8ರಿಂದ 1.6 ಒಳ್ಳೆಯದು, 2.4 ಕೊನೆಯ ಗಡಿ. ಪಂಪಿನ ಜೊತೆ ಬರುವ 1.7 ಅದರೊಳಗೇ ಇದೆ. ಗ್ಯಾರೇಜಿನ 20 ಆಂಪಿಯರ್ ಚಾರ್ಜರಿಗೆ ಪಂಪಿನ ಬ್ಯಾಟರಿ ಕಚ್ಚಿಸಿ, ಅರ್ಧ ಗಂಟೆಯಲ್ಲಿ ಆಗಿಬಿಡುತ್ತೆ ಅನ್ನುವವರ ಮಾತು ಕೇಳಬೇಡಿ. ಡಬ್ಬಿ ಉಬ್ಬಿ ಪಂಪಿನ ಗೂಡಿನಿಂದ ಆಚೆ ಬರುವುದೇ ಇಲ್ಲ.

ಲಿಥಿಯಂ ಪ್ಯಾಕಿಗೆ ಎಎಚ್‌ನ ಅರ್ಧದಷ್ಟು ಆಂಪಿಯರ್ ಮೀರದಿದ್ದರೆ ಸಾಕು. 2 ಎಎಚ್ ಕತ್ತರಿ ಪ್ಯಾಕಿಗೆ 1 ಆಂಪಿಯರ್. ಇನ್ನೂ ನಿಧಾನವಾದರೂ ಲಿಥಿಯಂಗೆ ತೊಂದರೆ ಇಲ್ಲ. ಲೆಡ್‌ಗೆ ಹಾಗಲ್ಲ: ಬೇಲಿಯ 75 ಎಎಚ್ ಬ್ಯಾಟರಿಗೆ ಪಂಪಿನ 1.7 ಆಂಪಿಯರ್ ಚಾರ್ಜರ್ ಹಾಕಿದರೆ ಎರಡು ಹಗಲು ಎರಡು ರಾತ್ರಿ ಇಟ್ಟರೂ ಅದು ತುಂಬುವುದಿಲ್ಲ.

ಸಮಯದ ಲೆಕ್ಕ ಸರಳ. ಎಎಚ್ ಅನ್ನು ಆಂಪಿಯರಿನಿಂದ ಭಾಗಿಸಿ, ಲೆಡ್ ಆದರೆ 1.3ರಿಂದ, ಲಿಥಿಯಂ ಆದರೆ 1.2ರಿಂದ ಗುಣಿಸಿ. 8 ಎಎಚ್‌ಗೆ 1.7 ಆಂಪಿಯರ್: ಸುಮಾರು 6 ಗಂಟೆ. 12 ಎಎಚ್‌ಗೆ ಅದೇ ಚಾರ್ಜರ್: 9 ಗಂಟೆ. 75 ಎಎಚ್‌ಗೆ 7.5 ಆಂಪಿಯರ್: 13 ಗಂಟೆ. ಮಳೆಗಾಲದಲ್ಲಿ ನಿಮ್ಮ ಊರಿನಲ್ಲಿ ರಾತ್ರಿ ಕರೆಂಟು ಎಷ್ಟು ಹೊತ್ತು ಇರುತ್ತದೋ ಅಷ್ಟರಲ್ಲಿ ಮುಗಿಯುವ ಆಂಪಿಯರ್ ಆರಿಸಿ, ಆದರೆ ಮೇಲಿನ ಗಡಿ ಮೀರಬೇಡಿ. ಮುಗಿಯದಿದ್ದರೆ ಎರಡನೇ ಬ್ಯಾಟರಿ ಕೊಳ್ಳಿ, ದೊಡ್ಡ ಚಾರ್ಜರ್ ಬೇಡ.

ಅಡಾಪ್ಟರ್ ಬೇರೆ, ಚಾರ್ಜರ್ ಬೇರೆ

ಸಿಸಿ ಕ್ಯಾಮೆರಾಗೋ ಎಲ್‌ಇಡಿ ಪಟ್ಟಿಗೋ ಬರುವ 12 ವೋಲ್ಟ್ 2 ಆಂಪಿಯರ್ ಡಬ್ಬಿ ಚಾರ್ಜರ್ ಅಲ್ಲ. ಅದಕ್ಕೆ ಒಂದೇ ಕೆಲಸ, 12 ವೋಲ್ಟ್ ಕೊಡುತ್ತಾ ಇರುವುದು. ಚಾರ್ಜರ್ ಮೊದಲು ಕರೆಂಟನ್ನು ಹಿಡಿದಿಡುತ್ತದೆ, ವೋಲ್ಟೇಜು ಮೇಲೆ ಮುಟ್ಟಿದ ಮೇಲೆ ವೋಲ್ಟೇಜನ್ನು ಹಿಡಿದು ಕರೆಂಟನ್ನು ಇಳಿಯಲು ಬಿಡುತ್ತದೆ, ಕೊನೆಗೆ ನಿಲ್ಲಿಸುತ್ತದೆ. ಖಾಲಿ ಲಿಥಿಯಂ ಪ್ಯಾಕನ್ನು ಅಡಾಪ್ಟರಿಗೆ ಜೋಡಿಸಿದರೆ ಮೊದಲ ನಿಮಿಷದಲ್ಲೇ ಮಿತಿಮೀರಿ ಎಳೆಯುತ್ತದೆ. ಅಡಾಪ್ಟರ್ ಬಿಸಿಯಾಗಿ ಟ್ರಿಪ್ ಆಗುತ್ತದೆ ಇಲ್ಲವೇ ಸುಡುತ್ತದೆ.

ಹಳೆ ಕಾಲದ ಭಾರದ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಬಗ್ಗೆ ಕೆಲವರಿಗೆ ಇನ್ನೂ ಭಕ್ತಿ ಇದೆ, ಗಟ್ಟಿ ಮಾಲು ಅಂತ. ಗಟ್ಟಿಯೇನೋ ಹೌದು. ಆದರೆ ಒಳಗೆ ರೆಗ್ಯುಲೇಟರ್ ಇಲ್ಲದಿದ್ದರೆ ಲೈನ್ ವೋಲ್ಟೇಜು ಕುಣಿದ ಹಾಗೆ ಅದೂ ಕುಣಿಯುತ್ತದೆ. 230ರಲ್ಲಿ 14.4 ಕೊಡುವುದು, ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಎಲ್ಲರೂ ಸ್ಪ್ರಿಂಕ್ಲರ್ ಮೋಟಾರು ಹಾಕಿ ಲೈನು 170ಕ್ಕೆ ಇಳಿದಾಗ 10.6 ಕೊಡುತ್ತದೆ. ಅಂದರೆ ಚಾರ್ಜೇ ಆಗುವುದಿಲ್ಲ. ನಡುರಾತ್ರಿ ಮೋಟಾರುಗಳೆಲ್ಲ ನಿಂತು ಲೈನು 250ಕ್ಕೆ ಏರಿದರೆ 15.6. ಮುಚ್ಚಿದ ಬ್ಯಾಟರಿಯನ್ನು ಒಣಗಿಸಲು ಅಷ್ಟು ಸಾಕು.

ಈಗಿನ ಹಗುರದ ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲದ ಎಲೆಕ್ಟ್ರಾನಿಕ್) ಚಾರ್ಜರಿನಲ್ಲಿ ಇನ್‌ಪುಟ್ ಸಾಲನ್ನು ಓದಿ. ಮನೆ ಟ್ರಾನ್ಸ್‌ಫಾರ್ಮರ್ ಕಂಬದಿಂದ ದೂರ ಇದ್ದರೆ, ಲೈನಿನ ಕೊನೆಯಲ್ಲಿದ್ದರೆ, 100–240 ಎಂದು ಬರೆದದ್ದನ್ನೇ ತೆಗೆದುಕೊಳ್ಳಿ. 200–240 ಅಂತ ಇರುವುದು ಸಂಜೆ ಹೊತ್ತು ಕೈಕೊಡುತ್ತದೆ, ಆ ತಪ್ಪು ಬ್ಯಾಟರಿಯ ಮೇಲೆ ಬೀಳುತ್ತದೆ. ಜೊತೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಪಕ್ಕದಲ್ಲಿ ‘ಆರ್’ ಅಕ್ಷರದಿಂದ ಶುರುವಾಗುವ ಎಂಟಂಕಿ ನೋಂದಣಿ ಸಂಖ್ಯೆ ಇದೆಯೇ ನೋಡಿ. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಲಿಥಿಯಂ ಪ್ಯಾಕಿಗೆ ಅನ್ವಯಿಸುವ ಮಾನದಂಡದ ಸಂಖ್ಯೆ ಐಎಸ್ 16046.

ಅಂಗಡಿಯಲ್ಲೇ ನೋಡಿಕೊಳ್ಳಬೇಕಾದ್ದು

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಾಗಲಿ ಚಾರ್ಜರ್ ಕೊಳ್ಳಲು ಹೋಗುವಾಗ ಪ್ಯಾಕನ್ನೋ ಪಂಪನ್ನೋ ಜೊತೆಗೆ ಒಯ್ಯಿರಿ. ಅದು ಆಗದಿದ್ದರೆ ಚೀಟಿಯ ಫೋಟೋ, ಹಳೆ ಚಾರ್ಜರ್. ‘ಅಣ್ಣ, ಒಂದ್ಸಲ ಮೀಟರ್ ಹಾಕಿ ತೋರ್ಸಿ’ ಅಂದರೆ ಯಾವ ಒಳ್ಳೆ ಅಂಗಡಿಯವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ಪಕ್ಕದ ಅಂಗಡಿ ಇದೆ.

ಮೀಟರನ್ನು ಡಿಸಿ ವೋಲ್ಟೇಜಿನ 20ರ ಗುರುತಿಗೆ ತಿರುಗಿಸಿ. 20 ವೋಲ್ಟು ದಾಟುವ ಕತ್ತರಿ, ಡ್ರಿಲ್, ಸ್ಕೂಟರ್ ಚಾರ್ಜರಾದರೆ 200ಕ್ಕೆ. ದುಂಡು ಪಿನ್ನಿನ ಒಳತೂತಿಗೆ ಕೆಂಪು ಕಡ್ಡಿಯ ತುದಿ, ಹೊರ ಮೈಗೆ ಕಪ್ಪು. 12.6ರ ಲಿಥಿಯಂ ಚಾರ್ಜರ್ ಬ್ಯಾಟರಿ ಇಲ್ಲದೆ 12.5ರಿಂದ 12.7ರೊಳಗೆ ತೋರಿಸಬೇಕು. 16–17 ಕಂಡರೆ ಒಳಗೆ ರೆಗ್ಯುಲೇಟರ್ ಇಲ್ಲ, ವಾಪಸ್ ಕೊಡಿ. ಅಂಕಿಯ ಹಿಂದೆ ಮೈನಸ್ ಗುರುತು ಬಂದರೆ ಪಿನ್ನಿನ ಒಳಗೆ ನೆಗೆಟಿವ್, ಹೊರಗೆ ಪಾಸಿಟಿವ್ ಎಂದರ್ಥ. ನಿಮ್ಮ ಪಂಪಿನ ಸಾಕೆಟ್ ಪಕ್ಕದ ಚಿತ್ರಕ್ಕೆ ಹೋಲಿಸಿ. ಸೊನ್ನೆ ತೋರಿಸಿದರೆ ಕೆಟ್ಟಿದೆ ಅನ್ನಬೇಡಿ, ಬ್ಯಾಟರಿ ಕಂಡ ಮೇಲಷ್ಟೇ ಎಚ್ಚರವಾಗುವ ಚಾರ್ಜರುಗಳಿವೆ. ಪ್ಯಾಕು ಜೋಡಿಸಿ ನೋಡಬೇಕು.

ದುಂಡು ಪಿನ್ನಿನಲ್ಲಿ ಎರಡು ಅಳತೆ ಹೆಚ್ಚು: ಹೊರಗೆ ಎರಡಕ್ಕೂ 5.5 ಮಿಲಿಮೀಟರ್, ಒಳತೂತು ಒಂದಕ್ಕೆ 2.1, ಇನ್ನೊಂದಕ್ಕೆ 2.5. 2.5ರ ಪ್ಲಗ್ಗು 2.1ರ ಸಾಕೆಟ್ಟಿಗೆ ಹೋಗುತ್ತದೆ, ಆದರೆ ಒಳಗಿನ ಕಡ್ಡಿಗೆ ಸರಿಯಾಗಿ ತಾಗುವುದಿಲ್ಲ. ವೈರು ಅಲ್ಲಾಡಿಸಿದಾಗಲೆಲ್ಲ ದೀಪ ಮಿಣುಕುವುದು ಇದಕ್ಕೇ. ಅಲ್ಲೇ ಬಿಸಿಯಾಗಿ ಪ್ಲಾಸ್ಟಿಕ್ಕು ಕರಗುವುದೂ ಇದಕ್ಕೇ.

ಕತ್ತರಿ, ಡ್ರಿಲ್ಲುಗಳ ಜಾರಿಸಿ ಹಾಕುವ ಪ್ಯಾಕಿನಲ್ಲಿ ದಪ್ಪದ ಎರಡು ಪಟ್ಟಿಗಳ ನಡುವೆ ಸಣ್ಣದೊಂದು ಮೂರನೇ ಪಟ್ಟಿ ಇದ್ದರೆ ಅದು ಸೆಲ್ಲುಗಳ ಬಿಸಿ ಎಷ್ಟಿದೆ ಅಂತ ಚಾರ್ಜರಿಗೆ ಹೇಳುವ ದಾರಿ. ಅಗ್ಗದ ಬದಲಿ ಚಾರ್ಜರಿನಲ್ಲಿ ಆ ಜಾಗ ಖಾಲಿ ಇರುತ್ತದೆ. ಬಿಸಿಲಲ್ಲಿ ಕಸಿ ಮಾಡಿ ಬಿಸಿಯಾದ ಪ್ಯಾಕನ್ನು ಹಾಗೇ ಚಾರ್ಜಿಗೆ ಹಾಕಿದರೆ ತಡೆಯುವವರು ಯಾರೂ ಇಲ್ಲ. ಲಿಥಿಯಂ ಸೆಲ್ಲಿಗೆ ಚಾರ್ಜ್ ಆಗುವಾಗ 45 ಡಿಗ್ರಿ ಗಡಿ. ಅರಸೀಕೆರೆ ಬಯಲಿನ ಏಪ್ರಿಲ್ ಮಧ್ಯಾಹ್ನ, ತಗಡಿನ ಶೀಟಿನ ಕೆಳಗೆ, ಆ ಗಡಿ ದೂರವೇನಿಲ್ಲ.

ತಲೆಟಾರ್ಚಿನ ವಿಷಯ ಚಿಕ್ಕದು. ಯುಎಸ್‌ಬಿ ತೂತು ಇದ್ದರೆ ಚಾರ್ಜ್ ಮಾಡುವ ಸರ್ಕ್ಯೂಟು ಟಾರ್ಚಿನೊಳಗೇ ಇದೆ. ಯಾವ ಒಳ್ಳೆಯ ಮೊಬೈಲ್ ಚಾರ್ಜರಾದರೂ ಆದೀತು. ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಆಗದೆ, ಒಂದು ಕಡೆ ಹಳೆಯ ಅಗಲ ಯುಎಸ್‌ಬಿ ಇರುವ ಕೇಬಲ್ಲಿನಲ್ಲಿ ಆದರೆ ಗಾಬರಿ ಬೇಡ. ಟಾರ್ಚಿನವರು ಸಾಕೆಟ್ಟಿಗೆ ಎರಡು ರೆಸಿಸ್ಟರ್ ಹಾಕದೆ ಉಳಿಸಿದ್ದಾರೆ, ಅಷ್ಟೇ.

ನಿಕಲ್ ಸೆಲ್ಲುಗಳಿಗೆ ಗಂಟೆ ಎಣಿಸಿ ನಿಲ್ಲುವ ಟೈಮರ್ ಚಾರ್ಜರ್ ನಮ್ಮ ಕಡೆಗೆ ಹೇಳಿಸಿದ್ದಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಅದು ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ರಾತ್ರಿಗೆ ನಾಲ್ಕು ಸಲ ಲೈನು ಹೋದರೆ ತುಂಬಿದ ಸೆಲ್ಲಿನ ಮೇಲೆ ಮತ್ತೆ ಮತ್ತೆ ಹೊರೆ. ತುಂಬಿದಾಗ ವೋಲ್ಟೇಜು ಒಂದಿಷ್ಟು ಇಳಿಯುವುದನ್ನು ಗುರುತಿಸಿ ನಿಲ್ಲುವ, ಪ್ರತಿ ಸೆಲ್ಲಿಗೂ ಬೇರೆ ದೀಪ ಇರುವ ಚಾರ್ಜರ್ ಕೇಳಿ.

ಸೋಲಾರ್ ಬೇಲಿಯ ಬ್ಯಾಟರಿ

ಆನೆ ಓಡಾಡುವ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಬೇಲಿಗೆ ಬ್ಯಾಟರಿಯೇ ಪ್ರಾಣ. ಅದು ಹಸಿವಿನಲ್ಲಿ ಬೀಳುವುದು ಜೂನ್‌ನಿಂದ ಆಗಸ್ಟ್‌ವರೆಗೆ. 40 ವಾಟಿನ ಪ್ಯಾನೆಲ್ಲು ಚೆನ್ನಾದ ಬಿಸಿಲಿನಲ್ಲಿ 2.3 ಆಂಪಿಯರ್ ಕೊಟ್ಟರೆ, ಜಡಿಮಳೆಯ ಮೋಡದಲ್ಲಿ ಅದರ ಹತ್ತರಲ್ಲಿ ಒಂದೆರಡು ಪಾಲು ಸಿಕ್ಕರೆ ಪುಣ್ಯ. ವಾರಗಟ್ಟಲೆ ಹೀಗೇ ಇದ್ದರೆ ಬ್ಯಾಟರಿ 12 ವೋಲ್ಟಿಗಿಂತ ಕೆಳಗೆ ಕೂತು ಸಲ್ಫೇಟು ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಮನೆಗೆ ತಂದು ಪೂರ್ತಿ ಚಾರ್ಜ್ ಮಾಡುವುದೇ ಮದ್ದು.

75 ಎಎಚ್‌ಗೆ 7.5ರಿಂದ 10 ಆಂಪಿಯರಿನ, 14.4ರಿಂದ 13.6ಕ್ಕೆ ತಾನೇ ಇಳಿಯುವ ಚಾರ್ಜರ್ ಬೇಕು. ಬಿಸಿ ನೋಡಿ ವೋಲ್ಟೇಜು ಬದಲಿಸುವ ವೈರು ಇರುವುದು ಸಿಕ್ಕರೆ ಇನ್ನೂ ಚೆನ್ನ. ಲೆಡ್ ಬ್ಯಾಟರಿಗೆ 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.03 ವೋಲ್ಟು ಕಡಿಮೆ, ಕೆಳಗೆ ಅಷ್ಟೇ ಹೆಚ್ಚು ಬೇಕು. ಚಿಕ್ಕಮಗಳೂರಿನ 15 ಡಿಗ್ರಿಯ ಡಿಸೆಂಬರ್ ಬೆಳಗಿಗೆ 14.7 ಬೇಕಾದರೆ, ಬಯಲುಸೀಮೆಯ 35 ಡಿಗ್ರಿಗೆ 14.1 ಸಾಕು.

ಬ್ಯಾಟರಿಯನ್ನು ಬೇಲಿಯ ಯಂತ್ರದಿಂದ ಪೂರ್ತಿ ಬಿಚ್ಚಿ ತರಬೇಕು. ಕರೆಂಟಿನ ಚಾರ್ಜರ್ ಜೋಡಿಸಿರುವಾಗ ಬೇಲಿಯೂ ಜೋಡಿಸಿದ್ದು, ಚಾರ್ಜರಿನ ಒಳಗಿನ ಇನ್ಸುಲೇಷನ್ ಹೋದರೆ 230 ವೋಲ್ಟು ತಂತಿಗೆ ಹರಿಯುವ ದಾರಿ ತೆರೆಯುತ್ತದೆ. ಆನೆಗೂ ಸಾವು, ಹುಲ್ಲು ಕೊಯ್ಯಲು ಹೋದವರಿಗೂ ಸಾವು. ಇದರಲ್ಲಿ ಒಂದು ದಿನದ ಮಟ್ಟಿಗೆ ಅನ್ನುವ ಮಾತಿಲ್ಲ.

ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಪ್ಲೇಟು ಮುಳುಗುವಷ್ಟು ಇದೆಯೇ ನೋಡಿ ಚಾರ್ಜಿಗೆ ಹಾಕಿ. ಡಿಸ್ಟಿಲ್ಡ್ ವಾಟರನ್ನು ಗುರುತಿನವರೆಗೆ ತುಂಬುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿದರೆ ಉಕ್ಕಿ ಆಸಿಡ್ ಹೊರಗೆ ಚೆಲ್ಲುತ್ತದೆ. ಕಿಟಕಿ ತೆಗೆದಿರಲಿ, ಬ್ಯಾಟರಿಯಿಂದ ಹೊರಬರುವುದು ಹೊತ್ತಿಕೊಳ್ಳುವ ಹೈಡ್ರೋಜನ್.

ಮೊದಲ ಸಲ ಚಾರ್ಜಿಗೆ ಹಾಕುವಾಗ

ಸಾಕೆಟ್ಟನ್ನು ಒಣಬಟ್ಟೆಯಿಂದ ಒರೆಸಿ. ಪಂಪಿನ ಚಾರ್ಜಿಂಗ್ ತೂತು ಟ್ಯಾಂಕಿನ ಬುಡದಲ್ಲೇ ಇರುವುದರಿಂದ ಬೋರ್ಡೋ ದ್ರಾವಣ ಸೋರಿ ಅಲ್ಲೇ ಕೂರುತ್ತದೆ, ಮೈಲುತುತ್ತ ಪಿನ್ನನ್ನು ಹಸಿರುಗಟ್ಟಿಸಿ ತಿನ್ನುತ್ತದೆ. ಚಾರ್ಜರನ್ನು ಸಿಮೆಂಟ್ ನೆಲದ ಮೇಲೋ ಕಡಪಾ ಕಲ್ಲಿನ ಮೇಲೋ ಇಡಿ. ಗೋಣಿಚೀಲದ ಮೇಲೆ, ಕಾಫಿ ಮೂಟೆಯ ಮೇಲೆ, ಪೆಟ್ರೋಲ್ ಕ್ಯಾನಿನ ಪಕ್ಕ ಬೇಡ.

ಮೊದಲು ಬ್ಯಾಟರಿಗೆ ಜೋಡಿಸಿ, ಆಮೇಲೆ ಗೋಡೆಯ ಸ್ವಿಚ್ ಹಾಕಿ. ತೆಗೆಯುವಾಗ ಸ್ವಿಚ್ ಮೊದಲು. ಕಚ್ಚುವ ಕ್ಲಿಪ್ಪಿನ ಚಾರ್ಜರಿನಲ್ಲಿ ಇದು ತಪ್ಪಿದರೆ ಕಿಡಿ ಹಾರುವುದು ಬ್ಯಾಟರಿಯ ಬಾಯಿಯ ಹತ್ತಿರವೇ. ಕಂಪನಿಯ ಪುಸ್ತಕದಲ್ಲಿ ಬೇರೆ ಕ್ರಮ ಹೇಳಿದ್ದರೆ ಅದೇ ಸರಿ.

ಕಾಲು ಗಂಟೆ ಬಿಟ್ಟು ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜು ಅಳೆಯಿರಿ, ಏರುತ್ತಿರಬೇಕು. ಗಂಟೆಗೊಮ್ಮೆ ನೋಡುತ್ತಾ ಹೋಗಿ. ದೀಪ ಹಸಿರಾದ ಗಳಿಗೆಯಲ್ಲಿ ಎಷ್ಟಿತ್ತು ಅನ್ನುವುದನ್ನು ಬರೆದಿಡಿ. ಮುಂದೆ ಯಾವತ್ತಾದರೂ ಅನುಮಾನ ಬಂದರೆ ಹೋಲಿಸಲು ಅದೊಂದೇ ಆಧಾರ. ಕರೆಂಟು ಅಳೆಯಬೇಕಾದರೆ ಮಾಮೂಲಿ ಕ್ಲ್ಯಾಂಪ್ ಮೀಟರ್ ಎಸಿಗೆ ಮಾತ್ರ, ಡಿಸಿ ಕ್ಲ್ಯಾಂಪ್ ಬೇಕು. ಮಲ್ಟಿಮೀಟರಿನ 10 ಆಂಪಿಯರ್ ತೂತನ್ನು ಸರಣಿಯಲ್ಲಿ ಹಾಕಿಯೂ ಅಳೆಯಬಹುದು; ಮುಗಿದ ಕೂಡಲೇ ಕೆಂಪು ಕಡ್ಡಿಯನ್ನು ವೋಲ್ಟೇಜಿನ ತೂತಿಗೆ ವಾಪಸ್ ಹಾಕಲು ಮರೆತರೆ ಮುಂದಿನ ಸಲ ಫ್ಯೂಸು ಹೋಗುತ್ತದೆ.

ಬ್ಯಾಟರಿಯ ಮೈ ಬೆಚ್ಚಗಾದರೆ ಸರಿ. ಕೈ ಇಟ್ಟುಕೊಂಡಿರಲಾಗದಷ್ಟು ಬಿಸಿಯಾದರೆ ಸ್ವಿಚ್ ತೆಗೆಯಿರಿ. ಚಾರ್ಜರ್ ಬ್ಯಾಟರಿಗಿಂತ ಹೆಚ್ಚು ಬಿಸಿಯಾಗುವುದು ಸಹಜ, ಆದರೆ ವಾರ್ನಿಷ್ ಸುಟ್ಟ ವಾಸನೆ ಸಹಜವಲ್ಲ.

ಜನರೇಟರಿನಲ್ಲಿ ಹಾಕುವುದಾದರೆ ಅದು ಸ್ಟಾರ್ಟಾಗಿ ಹದಕ್ಕೆ ಬಂದ ಮೇಲೆ ಪ್ಲಗ್ಗು ಚುಚ್ಚಿ. ಆಫ್ ಮಾಡುವ ಮೊದಲು ತೆಗೆಯಿರಿ. ಏಪ್ರಿಲ್–ಮೇ ಗುಡುಗಿನ ಸಂಜೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಕೆಟ್ಟಾಗ ಎಲ್ಲಿ ನೋಡಬೇಕು

ಚುಚ್ಚಿದ ಕೂಡಲೇ ಹಸಿರು ದೀಪ, ಆದರೆ ಬ್ಯಾಟರಿ ಖಾಲಿ: ಪಿನ್ನು ತಾಗಿಲ್ಲ, ಪಂಪಿನೊಳಗಿನ ಫ್ಯೂಸು ಹೋಗಿದೆ, ಇಲ್ಲವೇ ಲಿಥಿಯಂ ಪ್ಯಾಕಿನ ಬಿಎಂಎಸ್ ಬಾಗಿಲು ಹಾಕಿಕೊಂಡಿದೆ. ಲೆಡ್ ಬ್ಯಾಟರಿಯಾದರೆ ತೀರಾ ಸಲ್ಫೇಟು ಹಿಡಿದದ್ದೂ ಹೀಗೇ ಮಾಡುತ್ತದೆ, ವೋಲ್ಟೇಜು ಥಟ್ಟನೆ ಏರಿ ಚಾರ್ಜರನ್ನು ಮೋಸ ಮಾಡುತ್ತದೆ.

ರಾತ್ರಿಯಿಡೀ ಕೆಂಪು ದೀಪ ಹೋಗದೇ ಇದ್ದರೆ, ಲೆಡ್ ಬ್ಯಾಟರಿಯಲ್ಲಿ ಒಂದು ಸೆಲ್ಲು ಶಾರ್ಟ್ ಆಗಿರಬಹುದು. ರಾತ್ರಿ ಕಳೆದು ಅಳೆದಾಗ 10.5ರ ಆಸುಪಾಸು ನಿಂತರೆ ಅದು ಖಚಿತ; ಬ್ಯಾಟರಿ ಬದಲಿಸುವುದೇ. ಚಾರ್ಜರ್ ಬದಲಿಸಿ ದುಡ್ಡು ಕಳೆಯಬೇಡಿ.

ಲಿಥಿಯಂ ಪ್ಯಾಕು ಆರು ತಿಂಗಳು ಮೂಲೆಯಲ್ಲಿದ್ದು ಸೆಲ್ಲು 2.5 ವೋಲ್ಟಿಗಿಂತ ಕೆಳಗೆ ಇಳಿದಿದ್ದರೆ ಒಳ್ಳೆಯ ಚಾರ್ಜರ್ ಅದನ್ನು ಒಪ್ಪಿಕೊಳ್ಳುವುದಿಲ್ಲ. ಜೀಪಿನ ಬ್ಯಾಟರಿಯಿಂದ ವೈರು ತಾಗಿಸಿ ಎಬ್ಬಿಸುವ ಉಪಾಯವನ್ನು ಯಾರಾದರೂ ಹೇಳಿಕೊಡುತ್ತಾರೆ. ಅಷ್ಟು ಇಳಿದ ಸೆಲ್ಲಿನೊಳಗೆ ತಾಮ್ರ ಕರಗಿರುವ ಸಾಧ್ಯತೆ ಇದೆ, ಮತ್ತೆ ಚಾರ್ಜ್ ಮಾಡಿದಾಗ ಅದೇ ಒಳಗೆ ಶಾರ್ಟ್ ಮಾಡುತ್ತದೆ. ಉಬ್ಬಿದ ಪ್ಯಾಕಿಗೂ ಇದೇ ಮಾತು. ಅಂಥವನ್ನು ಬಚ್ಚಲ ಒಲೆಗೆ ಹಾಕದೆ, ಗುಂಡಿಗೆ ಎಸೆಯದೆ, ಮಾರಿದ ಅಂಗಡಿಗೆ ವಾಪಸ್ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ತಯಾರಕರು ಅದನ್ನು ಹಿಂದಕ್ಕೆ ಪಡೆಯುವ ಏರ್ಪಾಡು ಮಾಡಬೇಕು.

ಕೆಲಸವಿಲ್ಲದ ತಿಂಗಳುಗಳಲ್ಲಿ ಲೆಡ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಎತ್ತಿಡಿ, ಎರಡು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ. ಲಿಥಿಯಂ ಅರ್ಧದಷ್ಟು ತುಂಬಿರಲಿ, ಮಾಮೂಲಿ ಲಿಥಿಯಂ ಆದರೆ ಸೆಲ್ಲಿಗೆ 3.7–3.8 ವೋಲ್ಟು ಇದ್ದರೆ ಸರಿ. ಮೊಳೆಗೆ ನೇತುಹಾಕಿದ ಆ ಕರಿ ಚಾರ್ಜರುಗಳಿಗೆ ಬಣ್ಣದ ಪೇಂಟು ಹಚ್ಚಿ: ಪಂಪಿಗೆ ಕೆಂಪಾದರೆ ಅದರ ಪಿನ್ನಿಗೂ ಪಂಪಿನ ಸಾಕೆಟ್ಟಿಗೂ ಕೆಂಪು, ಕತ್ತರಿಯ ಎರಡಕ್ಕೂ ಹಳದಿ. ಅಂಕಿ ಓದಲು ಬಾರದವರೂ, ಓದಲು ಪುರುಸೊತ್ತಿಲ್ಲದವರೂ ಬಣ್ಣ ನೋಡಿ ಚುಚ್ಚುತ್ತಾರೆ.